ಮೈ ಮತ್ತೆ ಉಣ್ಣಲು ಕಲಿಯುವಾಗ: ಆಹಾರ ಸೇವನೆಯ ಅಸ್ವಸ್ಥತೆಯಿಂದ ಚೇತರಿಕೆ ಮತ್ತು ದೇಹದ ಬದಲಾವಣೆಗಳು

ಆಹಾರ ಸೇವನೆಯ ಅಸ್ವಸ್ಥತೆಯಿಂದ ಚೇತರಿಸಿಕೊಳ್ಳುವವರ ಮೈ ಸುಧಾರಿಸುವುದಕ್ಕೆ ಮೊದಲು ಕೆಟ್ಟಂತೆ ಕಾಣುತ್ತದೆ. ತಿಂಗಳುಗಟ್ಟಲೆ ಸರಿಯಾಗಿ ಉಣ್ಣದೆ ಸೊರಗಿದವರು ಊಟಕ್ಕೆ ಕುಳಿತ ಕೆಲವೇ ದಿನಗಳಲ್ಲಿ ಪಾದ ಊದಿಕೊಳ್ಳಬಹುದು. ನಾಲ್ಕು ತುತ್ತಿಗೆ ಹೊಟ್ಟೆ ಉಬ್ಬರಿಸುತ್ತದೆ, ರಾತ್ರಿ ಬೆವರು ಕಿತ್ತುಕೊಂಡು ಬರುತ್ತದೆ, ಇನ್ನೇನು ಸರಿಹೋಯಿತು ಎನ್ನುವಾಗ ತಲೆಗೂದಲು ಉದುರತೊಡಗುತ್ತದೆ. ಮನೆಯವರು ಗಾಬರಿಯಾಗುತ್ತಾರೆ. ಉಂಡದ್ದೇ ತಪ್ಪಾಯಿತು ಎಂದು ರೋಗಿಗೆ ಅನ್ನಿಸುತ್ತದೆ. ಅನೇಕರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದಕ್ಕೆ ಈ ಗಾಬರಿಯೂ ಒಂದು ಕಾರಣ. ಈ ಬದಲಾವಣೆಗಳಲ್ಲಿ ಹೆಚ್ಚಿನವು ದೇಹ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತಿರುವುದರ ಗುರುತುಗಳು. ಕೆಲವು ಮಾತ್ರ ನಿಜವಾಗಿಯೂ ಅಪಾಯದವು, ಅವು ಬರುವುದು ಬಹುತೇಕ ಮೊದಲ ಹತ್ತು ದಿನಗಳಲ್ಲಿ. ಯಾವುದು ಯಾವುದೆಂದು ತಿಳಿದಿರುವುದು ರೋಗಿಗೆ ಔಷಧಿಯಷ್ಟೇ ಮುಖ್ಯ.

ಕಾಯಿಲೆಗಳ ಈ ಗುಂಪಿನಲ್ಲಿ ಮೂರು ಹೆಸರು ಮುಖ್ಯ. ಊಟವನ್ನು ಕಡಿಮೆ ಮಾಡುತ್ತಾ ಮಾಡುತ್ತಾ ತೂಕ ಇಳಿಸಿಕೊಳ್ಳುವ ಅನೊರೆಕ್ಸಿಯಾ ನರ್ವೋಸಾಕ್ಕೆ ಆ ಹೆಸರು ಕೊಟ್ಟವರು ಲಂಡನ್ನಿನ ವೈದ್ಯ ವಿಲಿಯಂ ಗಲ್. 1873ರಲ್ಲಿ ಅವರು ಅದನ್ನು ವಿವರಿಸುತ್ತಿದ್ದಾಗಲೇ ಪ್ಯಾರಿಸ್ಸಿನಲ್ಲಿ ಶಾರ್ಲ್ ಲಾಸೆಗ್ ಕೂಡ ಅದೇ ರೋಗದ ಬಗ್ಗೆ ಬರೆದಿದ್ದರು. ತಡೆಯಲಾಗದೆ ಮಿತಿಮೀರಿ ತಿಂದು ಆಮೇಲೆ ವಾಂತಿ ಮಾಡಿಕೊಳ್ಳುವ ಬುಲಿಮಿಯಾವನ್ನು 1979ರಲ್ಲಿ ಬ್ರಿಟನ್ನಿನ ಜೆರಾಲ್ಡ್ ರಸೆಲ್ ಪ್ರತ್ಯೇಕವಾಗಿ ಗುರುತಿಸಿದರು. ವಾಂತಿಯಿಲ್ಲದೆ ಮಿತಿಮೀರಿ ತಿನ್ನುವ ಕಾಯಿಲೆಗೆ 2013ರಲ್ಲಿ ಅಮೆರಿಕದ ಮನೋರೋಗ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಸ್ವತಂತ್ರ ಸ್ಥಾನ ಸಿಕ್ಕಿತು. ಇವು ಹುಡುಗಿಯರಿಗಷ್ಟೇ ಬರುವ ಕಾಯಿಲೆಗಳಲ್ಲ, ಹುಡುಗರಿಗೂ ನಡುವಯಸ್ಸಿನವರಿಗೂ ಬರುತ್ತವೆ. ಮನೋರೋಗಗಳಲ್ಲಿ ಸಾವಿನ ಪ್ರಮಾಣ ಅತಿ ಹೆಚ್ಚಿರುವವುಗಳ ಸಾಲಿನಲ್ಲಿ ಅನೊರೆಕ್ಸಿಯಾ ಇದೆ.

ಇದು ಪಟ್ಟಣದ, ಪರದೇಶದ ರೋಗ ಎಂಬ ನಂಬಿಕೆ ನಮ್ಮಲ್ಲಿ ಬಹಳ ಕಾಲ ಇತ್ತು. ಅದು ಪೂರ್ತಿ ನಿಜವಲ್ಲ. ಬೆಂಗಳೂರಿನ ಮನೋವೈದ್ಯರನ್ನು ಕೇಳಿ ನಡೆಸಿದ, 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರು ಇಂಥ ರೋಗಿಯನ್ನು ಕಂಡಿರುವುದಾಗಿ ಹೇಳಿದರು. ಅದಕ್ಕೂ ಮೊದಲು, 1995ರಲ್ಲಿ, ದೆಹಲಿಯ ವೈದ್ಯರು ಭಾರತದ ರೋಗಿಗಳ ಒಂದು ವಿಶೇಷವನ್ನು ದಾಖಲಿಸಿದ್ದರು. ಪಶ್ಚಿಮದ ಪಠ್ಯಪುಸ್ತಕಗಳು ಹೇಳುವ 'ದಪ್ಪಗಾಗುವ ಭಯ' ಇವರ ಬಾಯಲ್ಲಿ ಬರುವುದು ಕಡಿಮೆ. ಊಟ ಸೇರುವುದಿಲ್ಲ, ಹೊಟ್ಟೆ ಭಾರ, ವಾಂತಿ ಬಂದಂತಾಗುತ್ತದೆ ಎಂದೇ ಅವರು ವೈದ್ಯರ ಮುಂದೆ ಕೂರುತ್ತಾರೆ. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಮಸರಕಲ್‌ನಂಥ ಊರಿನಲ್ಲಿ ಹುಡುಗಿಯೊಬ್ಬಳು "ಹೊಟ್ಟಿ ತುಂಬ್ಯಾದ, ಊಟ ಸೇರವಲ್ದು" ಎಂದು ತಟ್ಟೆ ಸರಿಸಿದರೆ ಮನೆಯವರು ಮೊದಲು ನೆನೆಯುವುದು ಹೊಟ್ಟೆಹುಣ್ಣನ್ನು ಇಲ್ಲವೇ ಕಣ್ಣು ತಾಕಿದ್ದನ್ನು. ಸೋಮವಾರ, ಶನಿವಾರದ ಒಪ್ಪತ್ತು, ಶ್ರಾವಣದ ವ್ರತಗಳ ನಡುವೆ ರೋಗದ ಉಪವಾಸ ಬೇರೆಯಾಗಿ ಕಾಣುವುದೂ ಕಷ್ಟ. ವ್ರತ ಹಿಡಿದವರು ಮುಗಿದ ಮೇಲೆ ಸಂತೋಷದಿಂದ ಉಣ್ಣುತ್ತಾರೆ. ಈ ಕಾಯಿಲೆ ಇದ್ದವರಿಗೆ ಉಪವಾಸ ಮುಗಿಯುವುದೇ ಇಲ್ಲ.

ಹಸಿದ ಮೈಗೆ ಮತ್ತೆ ಊಟ ಕೊಡುವ ವಿದ್ಯೆ ರಾಯಚೂರು ಜಿಲ್ಲೆಗೆ ಹೊಸದಲ್ಲ. ಆ ವಿದ್ಯೆ ಇಲ್ಲಿಗೆ ಬಂದ ದಾರಿ ಮಾತ್ರ ನೋವಿನದು. 2011ರಲ್ಲಿ ಈ ಜಿಲ್ಲೆಯ ಮಕ್ಕಳ ಅಪೌಷ್ಟಿಕತೆ ಮತ್ತು ಸಾವುಗಳು ರಾಜ್ಯವನ್ನೇ ಬೆಚ್ಚಿಬೀಳಿಸಿದ ಸುದ್ದಿಯಾದವು. ವಿಷಯ ಹೈಕೋರ್ಟಿಗೆ ಹೋಗಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲರ ನೇತೃತ್ವದ ಸಮಿತಿ 2012ರಲ್ಲಿ ಅಪೌಷ್ಟಿಕತೆ ತಡೆಯಲು ವಿಸ್ತಾರವಾದ ಶಿಫಾರಸುಗಳನ್ನು ಕೊಟ್ಟಿತು. 2021ರ ಡಿಸೆಂಬರಿನಲ್ಲಿ ಶಾಲೆಯ ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ಯೋಜನೆ ಮೊದಲು ಶುರುವಾದದ್ದೂ ರಾಯಚೂರು ಸೇರಿದಂತೆ ಈ ಭಾಗದ ಜಿಲ್ಲೆಗಳಲ್ಲೇ. ಬಡತನದ ಹಸಿವು ಬೇರೆ, ಮನಸ್ಸಿನ ಕಾಯಿಲೆಯಿಂದ ಬಂದ ಹಸಿವು ಬೇರೆ. ಎರಡನ್ನೂ ಒಂದೇ ಎಂದರೆ ಎರಡೂ ಬಗೆಯ ರೋಗಿಗಳಿಗೆ ಅನ್ಯಾಯ ಮಾಡಿದಂತೆ. ಆದರೆ ಅನ್ನ ಯಾಕೆ ಬರಲಿಲ್ಲ ಎಂದು ಪಿತ್ತಜನಕಾಂಗ ಕೇಳುವುದಿಲ್ಲ, ಹೃದಯವೂ ಕೇಳುವುದಿಲ್ಲ. ಖಾಲಿಯಾದ ದೇಹ ಮತ್ತೆ ತುಂಬಿಕೊಳ್ಳುವ ಕ್ರಮ ಇಬ್ಬರಲ್ಲೂ ಬಹುಮಟ್ಟಿಗೆ ಒಂದೇ.

ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ಇರಿಸಿಕೊಳ್ಳುವ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ಈ ಕ್ರಮವನ್ನು ಕಣ್ಣಾರೆ ನೋಡಬಹುದು. ಆರು ತಿಂಗಳು ದಾಟಿದ ಮಗುವಿನ ತೋಳಿಗೆ ಬಣ್ಣದ ಪಟ್ಟಿ ಸುತ್ತಿದಾಗ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಅದು ಕೆಂಪು. ಅಂಥ ಮಗುವಿಗೆ ದಾಖಲಾದ ದಿನವೇ ಅನ್ನ ಸಾರು ಕೊಡುವುದಿಲ್ಲ. ಎಫ್-75 ಎಂಬ ತೆಳುವಾದ ಹಾಲು ಕೊಡುತ್ತಾರೆ, ನೂರು ಮಿಲಿಲೀಟರಿಗೆ 75 ಕ್ಯಾಲೊರಿ, ಪ್ರೋಟೀನು ಒಂದು ಗ್ರಾಮಿಗೂ ಕಡಿಮೆ. ನಮ್ಮ ದೇಶದ ಕೇಂದ್ರಗಳಲ್ಲಿ ಹಾಲು, ಸಕ್ಕರೆ, ಎಣ್ಣೆ, ನೀರಿನ ಜೊತೆಗೆ ಇದಕ್ಕೆ ಮಂಡಾಳಿನ ಪುಡಿಯನ್ನೂ ಸೇರಿಸುವ ಪದ್ಧತಿ ಇದೆ. ರಾಯಚೂರಿನವರು ಬೆಳಗ್ಗೆ ಮಿರ್ಚಿಯ ಜೊತೆ ಒಗ್ಗರಣೆ ಹಾಕಿ ತಿನ್ನುವ ಅದೇ ಮಂಡಾಳು ಇಲ್ಲಿ ಜೀವ ಹಿಡಿಯುವ ಮೊದಲ ಕೂಳಾಗುತ್ತದೆ. ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಲೋಟ ಚಮಚದಲ್ಲಿ ಎರಡೆರಡು ಗಂಟೆಗೊಮ್ಮೆ, ನಡುರಾತ್ರಿಯಲ್ಲೂ ಎಬ್ಬಿಸಿ, ಅಳೆದು ಕುಡಿಸುತ್ತಾಳೆ. ಮಗು ಇನ್ನೂ ಬೇಕೆಂದು ಅತ್ತರೂ ಅಳತೆ ಮೀರುವಂತಿಲ್ಲ. ರಕ್ತಹೀನತೆ ಎದ್ದು ಕಾಣುತ್ತಿದ್ದರೂ ಮೊದಲ ಹಂತದಲ್ಲಿ ಕಬ್ಬಿಣಾಂಶದ ಔಷಧಿ ಕೊಡುವುದಿಲ್ಲ. ಹಸಿವು ಮರಳಿ, ಊತ ಇಳಿಯತೊಡಗಿದ ಮೇಲಷ್ಟೇ ಹೆಚ್ಚು ಗಟ್ಟಿಯಾದ ಎಫ್-100, ಆಮೇಲೆ ಮನೆಯ ಊಟ.

ಇಷ್ಟು ಎಚ್ಚರ ಯಾಕೆ? ಬಹಳ ದಿನ ಉಣ್ಣದ ದೇಹ ಕೊಬ್ಬು ಮತ್ತು ಸ್ನಾಯುವನ್ನು ಕರಗಿಸಿಕೊಂಡು ಬದುಕಿರುತ್ತದೆ. ಇನ್ಸುಲಿನ್ ತೀರಾ ಕಡಿಮೆಯಾಗಿರುತ್ತದೆ. ಜೀವಕೋಶಗಳ ಒಳಗಿನ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಖಾಲಿಯಾಗಿದ್ದರೂ ರಕ್ತಪರೀಕ್ಷೆಯಲ್ಲಿ ಅಂಕಿ ಸರಿಯಾಗಿಯೇ ಕಾಣಿಸಬಹುದು. ಆಗ ಒಮ್ಮೆಲೇ ಅನ್ನ, ಸಿಹಿ ಹೊಟ್ಟೆಗೆ ಬಿದ್ದರೆ ಇನ್ಸುಲಿನ್ ಏರಿ, ಸಕ್ಕರೆಯ ಜೊತೆಗೆ ಈ ಲವಣಗಳನ್ನೂ ರಕ್ತದಿಂದ ಜೀವಕೋಶಗಳ ಒಳಕ್ಕೆ ಎಳೆದುಕೊಳ್ಳುತ್ತದೆ. ರಕ್ತದಲ್ಲಿ ರಂಜಕ ಕುಸಿಯುತ್ತದೆ. ರಂಜಕವಿಲ್ಲದೆ ಹೃದಯಕ್ಕೂ ಉಸಿರಾಟದ ಸ್ನಾಯುಗಳಿಗೂ ಶಕ್ತಿ ಸಿಗುವುದಿಲ್ಲ. ಸಕ್ಕರೆಯನ್ನು ಬಳಸಿಕೊಳ್ಳಲು ಬೇಕಾದ ಥಯಮಿನ್, ಅಂದರೆ ಬಿ-1 ಜೀವಸತ್ವ, ಮೊದಲೇ ತೀರಿಹೋಗಿದ್ದರೆ ಮಿದುಳಿಗೂ ಪೆಟ್ಟು. ಎರಡನೆಯ ಮಹಾಯುದ್ಧ ಮುಗಿದಾಗ ಸೆರೆಶಿಬಿರಗಳಿಂದ ಬಿಡುಗಡೆಯಾದ ಎಷ್ಟೋ ಜನ ಹಸಿವಿನಲ್ಲಿ ಬದುಕುಳಿದು, ಊಟ ಸಿಕ್ಕ ಮೇಲೆ ಸತ್ತರು. ಮರು-ಉಣಿಕೆಯ ಈ ಅಪಾಯವನ್ನು ವೈದ್ಯರು ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ.

ಆದ್ದರಿಂದ ತೀರಾ ಸೊರಗಿದವರಿಗೆ, ಅಥವಾ ಹಲವು ದಿನಗಳಿಂದ ಏನನ್ನೂ ತಿನ್ನದವರಿಗೆ, ಮನೆಯಲ್ಲೇ ಪ್ರೀತಿಯಿಂದ ಮೊದಲ ದಿನವೇ ಹೋಳಿಗೆ ತುಪ್ಪ ಬಡಿಸಿ ತಿನ್ನಿಸುವುದು ಸಲ್ಲದು. ಆಸ್ಪತ್ರೆಯಲ್ಲಿ ಮೊದಲು ಥಯಮಿನ್ ಕೊಡುತ್ತಾರೆ. ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಮತ್ತು ಸಕ್ಕರೆಯ ಮಟ್ಟವನ್ನು ಮತ್ತೆ ಮತ್ತೆ ನೋಡುತ್ತಾರೆ, ಇಸಿಜಿ ತೆಗೆಯುತ್ತಾರೆ. ಹಾಲು ರಂಜಕದ ಒಳ್ಳೆಯ ಮೂಲವಾದ್ದರಿಂದ ಮೊದಲ ದಿನಗಳ ಊಟದಲ್ಲಿ ಅದಕ್ಕೆ ದೊಡ್ಡ ಜಾಗ. ಹಿಂದೆ ವೈದ್ಯರು ಅತಿ ಕಡಿಮೆ ಊಟದಿಂದ ಶುರುಮಾಡುತ್ತಿದ್ದರು. ಅದರಿಂದ ಸೊರಗಿದವರು ಆಸ್ಪತ್ರೆಯಲ್ಲೇ ಇನ್ನಷ್ಟು ಸೊರಗುವುದು ಕಂಡುಬಂದದ್ದರಿಂದ, ರಕ್ತಪರೀಕ್ಷೆಯ ಕಾವಲಿನಲ್ಲಿ ಸ್ವಲ್ಪ ಹೆಚ್ಚು ಊಟದಿಂದಲೇ ಆರಂಭಿಸಿ ಬೇಗ ಏರಿಸುವ ಪದ್ಧತಿ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಬೆಳೆದಿದೆ. ಊಟ ಶುರುವಾದ ಮೇಲೆ ಉಸಿರು ಕಟ್ಟುವುದು, ಎದೆ ಹೊಡೆದುಕೊಳ್ಳುವುದು, ಮಾತು ತಡವರಿಸುವುದು, ಮಂಕು ಕವಿಯುವುದು, ಫಿಟ್ಸ್ ಬರುವುದು, ಕೈಕಾಲಲ್ಲಿ ಎದ್ದು ನಿಲ್ಲಲಾರದಷ್ಟು ನಿತ್ರಾಣ - ಇವುಗಳಲ್ಲಿ ಒಂದು ಕಂಡರೂ ನಾಳೆ ನೋಡೋಣ ಎನ್ನಬಾರದು.

ಇನ್ನು ಊತ. ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿಟ್ಟು ಕೆಲವು ಕ್ಷಣ ಒತ್ತಿ ತೆಗೆದರೆ ಅಲ್ಲೊಂದು ಗುಳಿ ಉಳಿಯುತ್ತದೆ, ನಿಧಾನವಾಗಿ ತುಂಬಿಕೊಳ್ಳುತ್ತದೆ. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ, ಸಂಜೆ ಪಾದದಲ್ಲಿ ಊತ ಹೆಚ್ಚು. ಇನ್ಸುಲಿನ್ ಏರಿದಾಗ ಮೂತ್ರಪಿಂಡಗಳು ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತವೆ, ಉಪ್ಪಿನ ಹಿಂದೆ ನೀರು ನಿಲ್ಲುತ್ತದೆ. ವಾಂತಿ, ಭೇದಿಮಾತ್ರೆಗಳಿಂದ ಸದಾ ನೀರು ಕಳೆದುಕೊಳ್ಳುತ್ತಿದ್ದವರಲ್ಲಿ ಇದು ಇನ್ನೂ ಜೋರು. ಬತ್ತುವ ಭಯಕ್ಕೆ ದೇಹ ಆಲ್ಡೋಸ್ಟಿರೋನ್ ಎಂಬ ಹಾರ್ಮೋನನ್ನು ಹೆಚ್ಚು ಸ್ರವಿಸಿಕೊಂಡು ಕೂತಿರುತ್ತದೆ, ವಾಂತಿ ನಿಂತರೂ ಆ ಹಾರ್ಮೋನು ಇಳಿಯಲು ಎರಡು ಮೂರು ವಾರ ಬೇಕು. ತೂಕದ ಯಂತ್ರದ ಮುಳ್ಳು ಈ ದಿನಗಳಲ್ಲಿ ಒಮ್ಮೆಲೇ ಜಿಗಿಯುತ್ತದೆ. ಜಿಗಿದದ್ದು ನೀರಿನ ತೂಕ, ಕೊಬ್ಬಿನದಲ್ಲ. ಇದನ್ನು ಮೊದಲೇ ಹೇಳಿಡದಿದ್ದರೆ ರೋಗಿ ಎದೆಗುಂದುವುದು ಖಂಡಿತ. ಊತ ಇಳಿಸಲು ಮೂತ್ರದ ಮಾತ್ರೆಯನ್ನು ಅಂಗಡಿಯಿಂದ ತಾವೇ ತಂದು ನುಂಗುವುದು ಅಪಾಯ, ಪೊಟ್ಯಾಸಿಯಂ ಇನ್ನಷ್ಟು ಕುಸಿದು ಹೃದಯದ ಲಯ ತಪ್ಪಬಹುದು. ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗುವುದು, ಉಪ್ಪಿನಕಾಯಿ ಹಪ್ಪಳ ಕಡಿಮೆ ಮಾಡುವುದು, ಕಾಯುವುದು - ಸಾಮಾನ್ಯ ಊತಕ್ಕೆ ಇಷ್ಟು ಸಾಕು. ಊತದ ಜೊತೆ ಏದುಸಿರು ಬಂದರೆ ಮಾತ್ರ ಆಸ್ಪತ್ರೆಗೆ ಓಡಬೇಕು.

ಮಕ್ಕಳ ಕೇಂದ್ರದಲ್ಲಿ ಇದಕ್ಕೆ ತಿರುವುಮುರುವಾದ ನೋಟವೂ ಕಾಣುತ್ತದೆ. ಮೈಯೆಲ್ಲ ಊದಿಕೊಂಡು ಬರುವ ಕ್ವಾಷಿಯೋರ್ಕರ್‌ನ ಮಗು ಊಟ ಹತ್ತಿದ ಮೇಲೆ ಮೊದಲ ವಾರ ತೂಕ ಕಳೆದುಕೊಳ್ಳುತ್ತದೆ, ಊತದ ನೀರು ಇಳಿಯುವುದರಿಂದ. ದುಂಡಗಿದ್ದ ಮುಖ ಬಡಕಲಾದಾಗ ತಾಯಂದಿರು ಮಗು ಇಲ್ಲಿ ಬಂದು ಕೆಟ್ಟಿತು ಎಂದು ಕಂಗಾಲಾಗುವುದು ಸಹಜ. ಆ ಇಳಿಕೆಯೇ ಚೇತರಿಕೆಯ ಮೊದಲ ಗುರುತು.

ರೋಗಿಯನ್ನು ಅತಿ ಹೆಚ್ಚು ಕಾಡುವುದು ಹೊಟ್ಟೆ. ಕೆಲಸವಿಲ್ಲದೆ ಸೊರಗಿದ ಜಠರ ಊಟವನ್ನು ಕೆಳಗೆ ದಾಟಿಸಲು ತುಂಬ ಹೊತ್ತು ತೆಗೆದುಕೊಳ್ಳುತ್ತದೆ. ಮಧ್ಯಾಹ್ನ ಉಂಡದ್ದು ಸಂಜೆಗೂ ಹೊಟ್ಟೆಯಲ್ಲೇ ಕುಳಿತಂತೆ, ತೇಗು, ಉಬ್ಬರ, ವಾಕರಿಕೆ, ಮಲಬದ್ಧತೆ. ಇದಕ್ಕೆ ಮದ್ದು ಊಟವೇ. ದಿನದ ಊಟವನ್ನು ಐದಾರು ಸಲಕ್ಕೆ ಹಂಚಿಕೊಂಡು ತಪ್ಪದೆ ತಿನ್ನುತ್ತಾ ಹೋದರೆ ಕೆಲವು ವಾರಗಳಲ್ಲಿ ಜಠರ ತನ್ನ ಕೆಲಸಕ್ಕೆ ಮರಳುತ್ತದೆ. ನಮ್ಮ ಭಾಗದ ಅಡುಗೆಮನೆಯ ಮಟ್ಟಿಗೆ ಒಂದು ಮಾತು ಹೇಳಬೇಕು. ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ತರಕಾರಿ ಆರೋಗ್ಯಕ್ಕೆ ಒಳ್ಳೆಯವೇ ಹೌದು. ಆದರೆ ನಾರು ಹೆಚ್ಚಿರುವ ಊಟ ಈ ಹಂತದಲ್ಲಿ ಹೊಟ್ಟೆಯನ್ನು ಬೇಗ ತುಂಬಿಸಿ, ಶಕ್ತಿ ಕಡಿಮೆ ಕೊಡುತ್ತದೆ. ಮೆತ್ತಗೆ ಬೇಯಿಸಿದ ಸೋನಾ ಮಸೂರಿ ಅನ್ನ, ತೊವ್ವೆ, ಕೆನೆಮೊಸರು, ಒಂದು ಚಮಚ ಶೇಂಗಾ ಹಿಂಡಿ, ಮೇಲೆ ತುಪ್ಪ, ಬಾಳೆಹಣ್ಣು, ಮೊಟ್ಟೆ - ಸ್ವಲ್ಪವೇ ತಿಂದರೂ ಹೆಚ್ಚು ಬಲ ಕೊಡುವ ಪದಾರ್ಥಗಳು ಇವು. ಹೊಟ್ಟೆ ಹಗುರಾದ ಮೇಲೆ ರೊಟ್ಟಿ ಪಲ್ಯ ತಟ್ಟೆಗೆ ಮರಳಲಿ. ಹಿಂಡಿಯ ಖಾರ ಹೊಟ್ಟೆಗೆ ಉರಿ ಅನ್ನಿಸಿದರೆ ಹುರಿದ ಶೇಂಗಾಕ್ಕೆ ಬೆಲ್ಲ ಸೇರಿಸಿ ಉಂಡೆ ಕಟ್ಟಿ ಕೊಡಬಹುದು.

ಕೆಲವು ವಾರ ಕಳೆದ ಮೇಲೆ ಇದಕ್ಕೆ ಪೂರ್ತಿ ವಿರುದ್ಧವಾದದ್ದು ನಡೆಯುತ್ತದೆ. ಊಟ ಸೇರದವರಿಗೆ ತಡೆಯಲಾರದ ಹಸಿವು ಹತ್ತುತ್ತದೆ. ಇದನ್ನು ಅತ್ಯಂತ ವಿವರವಾಗಿ ದಾಖಲಿಸಿದವರು ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್. 1944ರ ನವೆಂಬರಿನಲ್ಲಿ ಶುರುವಾದ ಅವರ ಪ್ರಯೋಗಕ್ಕೆ ಯುದ್ಧದಲ್ಲಿ ಆಯುಧ ಹಿಡಿಯಲು ಒಪ್ಪದ 36 ಆರೋಗ್ಯವಂತ ಯುವಕರು ತಾವಾಗಿ ಬಂದರು. 24 ವಾರ ಅರೆಹೊಟ್ಟೆಯಲ್ಲಿದ್ದು ಸುಮಾರು ಕಾಲು ಭಾಗ ತೂಕ ಕಳೆದುಕೊಂಡರು. ಬೇಸಿಗೆಯಲ್ಲೂ ಚಳಿ, ನಿಧಾನವಾದ ನಾಡಿ, ಕಾಲೂತ, ಊಟದ ವಿನಾ ಬೇರೆ ಯೋಚನೆಯೇ ಬಾರದ ಮನಸ್ಸು - ಅನೊರೆಕ್ಸಿಯಾದ ಎಷ್ಟೋ ಲಕ್ಷಣಗಳು ಆರೋಗ್ಯವಂತ ಗಂಡಸರಲ್ಲೂ ಬಂದವು, ಕೇವಲ ಹಸಿವಿನಿಂದ. ಮನಸ್ಸು ಮತ್ತು ಹೊಟ್ಟೆಯ ಸಂಬಂಧದ ಬಗ್ಗೆ ಇಷ್ಟು ದೊಡ್ಡ ಪಾಠವನ್ನು ಕಲಿಸಿದ ಪ್ರಯೋಗ ಇನ್ನೊಂದಿಲ್ಲ. ಮತ್ತೆ ಬೇಕಾದಷ್ಟು ಉಣ್ಣಲು ಬಿಟ್ಟಾಗ ಅವರಲ್ಲಿ ಕೆಲವರು ಮಾಮೂಲಿಗಿಂತ ದುಪ್ಪಟ್ಟು ತಿಂದರು, ತುಂಬಿದ ಊಟ ಮುಗಿಸಿಯೂ ಹಸಿವೆಂದರು. ಕೊಬ್ಬು ಮೊದಲು ಮರಳಿತು, ಕೆಲಕಾಲ ಹಿಂದಿನ ಮಟ್ಟವನ್ನೂ ಮೀರಿತು. ಸ್ನಾಯು ತಡವಾಗಿ ಬಂತು. ತಿಂಗಳುಗಳು ಕಳೆದಂತೆ ಎಲ್ಲವೂ ಹಳೆಯ ಮಟ್ಟಕ್ಕೆ ಹತ್ತಿರವಾಯಿತು. 1950ರಲ್ಲಿ ಎರಡು ದೊಡ್ಡ ಸಂಪುಟಗಳಾಗಿ ಪ್ರಕಟವಾದ ಅವರ ವರದಿಯನ್ನು ಇಂದಿಗೂ ವೈದ್ಯರು ತೆರೆದು ನೋಡುತ್ತಾರೆ.

ಹಸಿವಿನ ಜೊತೆಗೆ ಕಾವು. ಉಳಿತಾಯಕ್ಕೆ ಇಳಿದಿದ್ದ ದೇಹ ಒಮ್ಮೆ ಖರ್ಚಿಗೆ ಶುರುಮಾಡಿತೆಂದರೆ ಉಂಡದ್ದರಲ್ಲಿ ದೊಡ್ಡ ಪಾಲು ಶಾಖವಾಗಿ ಹೋಗುತ್ತದೆ. ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು ಬರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಬೆವರು ಯಾವುದು, ಬಿಸಿಲಿನದ್ದೋ ಚೇತರಿಕೆಯದ್ದೋ, ಬೇರೆ ಮಾಡುವುದು ಕಷ್ಟ. ಮೈಸುಡುವ ಜ್ವರವಿದ್ದರೆ ಸೋಂಕಿನ ಪರೀಕ್ಷೆ ಬೇಕು. ಈ ಹಂತದಲ್ಲಿ ಎಷ್ಟು ತಿಂದರೂ ತೂಕ ಏರುವುದಿಲ್ಲ ಎಂಬ ದೂರು ಸಾಮಾನ್ಯ. ಊಟ ಸಾಲದು ಎಂಬುದೇ ಅದರ ಅರ್ಥ, ಕಡಿಮೆ ಮಾಡುವ ಮಾತೇ ಇಲ್ಲ. ಆಸ್ಪತ್ರೆಯಲ್ಲಿರುವವರಿಗೆ ವಾರಕ್ಕೆ ಅರ್ಧದಿಂದ ಒಂದು ಕಿಲೋ ಏರಿದರೆ ಸರಿಯಾದ ನಡಿಗೆ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ.

ಮರಳುವ ಕೊಬ್ಬು ಮೊದಲು ಸೇರುವುದು ಹೊಟ್ಟೆ, ಸೊಂಟದ ಸುತ್ತ. ಕೈಕಾಲು ಇನ್ನೂ ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಕನ್ನಡಿಯ ಮುಂದೆ ನಿಂತವರಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ, ರೋಗ ಮತ್ತೆ ಕೈಹಿಡಿದು ಎಳೆಯುವ ಹೊತ್ತೂ ಇದೇ. ತೂಕವನ್ನು ಬಿಡದೆ ಕಾಯ್ದುಕೊಂಡರೆ ಒಂದು ವರ್ಷದ ಆಸುಪಾಸಿನಲ್ಲಿ ಕೊಬ್ಬು ಮೈಯೆಲ್ಲ ಹರಡಿಕೊಂಡು ದೇಹ ತನ್ನ ಸಹಜ ಆಕಾರಕ್ಕೆ ಬರುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಮಧ್ಯದಲ್ಲಿ ಊಟ ಇಳಿಸಿದರೆ ಈ ಹಂಚಿಕೆಯೇ ಪೂರ್ತಿಯಾಗುವುದಿಲ್ಲ.

ಒಳಗಿನ ಅಂಗಗಳು ಸದ್ದಿಲ್ಲದೆ ಸುಧಾರಿಸುತ್ತವೆ. ಸೊರಗಿದಾಗ ಹೃದಯದ ಸ್ನಾಯುವೂ ತೆಳುವಾಗಿ, ನಾಡಿ ನಿಮಿಷಕ್ಕೆ ಐವತ್ತಕ್ಕೂ ಕೆಳಗಿಳಿದಿರುತ್ತದೆ. ಊಟ ಹತ್ತಿದ ವಾರಗಳಲ್ಲಿ ನಾಡಿ ಏರುತ್ತದೆ, ಎದ್ದು ನಿಂತಾಗ ಕಣ್ಣು ಕತ್ತಲಿಡುವುದು ಕಡಿಮೆಯಾಗುತ್ತದೆ, ಹೃದಯದ ಗಾತ್ರವೂ ಮರಳುತ್ತದೆ. ಇಳಿದಿದ್ದ ಬಿಳಿರಕ್ತಕಣಗಳು ಅಸ್ಥಿಮಜ್ಜೆ ತುಂಬಿಕೊಂಡಂತೆ ಏರುತ್ತವೆ. ಪಿತ್ತಜನಕಾಂಗದ ಪರೀಕ್ಷೆಯ ಅಂಕಿಗಳು ಮೊದಲ ವಾರಗಳಲ್ಲಿ ಹೆಚ್ಚಾಗಿ ಕಂಡು ಆಮೇಲೆ ಇಳಿಯುವುದುಂಟು. ಥೈರಾಯ್ಡ್ ಪರೀಕ್ಷೆಯಲ್ಲಿ ಟಿ-3 ಕಡಿಮೆ ಬಂದರೆ ಅದು ದೇಹ ಬೇಕೆಂದೇ ಮಾಡಿಕೊಂಡ ಉಳಿತಾಯ. ಅದಕ್ಕೆ ಥೈರಾಯ್ಡ್ ಮಾತ್ರೆ ಕೊಡಬಾರದು, ಊಟದಿಂದಲೇ ಸರಿಹೋಗುತ್ತದೆ.

ಕೂದಲಿನದು ಬೇರೆ ಕಥೆ. ಮೈ ಮೇಲೆ, ಬೆನ್ನು, ತೋಳು, ಕೆನ್ನೆಯ ಬದಿಯಲ್ಲಿ ಎಳೆಗೂಸಿನ ಮೈಗಿರುವಂಥ ನವಿರು ರೋಮ ಬಂದಿದ್ದರೆ ಅದು ತಾನಾಗಿ ಮಾಯವಾಗುತ್ತದೆ. ತಲೆಗೂದಲು ಮಾತ್ರ ಊಟ ಸರಿಹೋದ ಮೇಲೆ ಉದುರಬಹುದು. ಬೇರುಗಳು ವಿಶ್ರಾಂತಿಗೆ ಹೋದ ಎರಡು ಮೂರು ತಿಂಗಳಿಗೆ ಕೂದಲು ಕಳಚುವುದು ಅದರ ಸಹಜ ಲಯ; ಹಳೆಯ ಉಪವಾಸದ ಲೆಕ್ಕ ಹೊಸ ಊಟದ ದಿನಗಳಲ್ಲಿ ತೀರುತ್ತದೆ. ಉದುರಿದ ಕೂದಲಿನ ಬುಡದಲ್ಲಿ ಗುಂಡುಸೂಜಿಯ ತಲೆಯಂಥ ಬಿಳಿ ಗಂಟು ಕಂಡರೆ ಅದು ವಿಶ್ರಾಂತಿ ಮುಗಿಸಿ ಬಿದ್ದ ಕೂದಲು, ಬೇರು ಸತ್ತಿಲ್ಲ. ಆರು ತಿಂಗಳೊಳಗೆ ಹಣೆಯಂಚಿನಲ್ಲಿ ಮೊಳಕೆಗೂದಲು ಎದ್ದು ನಿಲ್ಲುತ್ತದೆ. ಹಾರ್ಮೋನುಗಳು ಎಚ್ಚೆತ್ತಾಗ ಮುಖದಲ್ಲಿ ಮೊಡವೆ ಏಳುವುದೂ ಉಂಟು.

ಚರ್ಮದ ವಿಷಯಕ್ಕೆ ಬಂದಾಗ ಜೋಳದ ನಾಡಿಗೆ ಸಂಬಂಧಿಸಿದ ಒಂದು ಸಂಗತಿ ನೆನೆಯಬೇಕು. ಬಿಸಿಲು ಬೀಳುವ ಕುತ್ತಿಗೆ, ಮುಂಗೈ, ಪಾದದ ಚರ್ಮ ಕಪ್ಪಾಗಿ ಒರಟಾಗಿ ಸುಲಿಯುವ ಪೆಲಾಗ್ರ ಎಂಬ ರೋಗ ಜೋಳವನ್ನೇ ನಂಬಿದ ದಖ್ಖನ್ನಿನ ಬಡವರಲ್ಲಿ ಇರುವುದನ್ನು ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ವರದಿ ಮಾಡಿದರು. ಜೋಳದಲ್ಲಿ ಹೆಚ್ಚಿರುವ ಲ್ಯೂಸಿನ್ ಕಾರಣವಿರಬಹುದೆಂಬ ಅವರ ವಾದ ಮುಂದೆ ಬಹಳ ಚರ್ಚೆಗೆ ಒಳಗಾಯಿತು. ಊಟ ತೀರಾ ಕುಗ್ಗಿ, ತಿನ್ನುವುದೂ ಒಂದೇ ಬಗೆಯದ್ದಾದಾಗ ಅನೊರೆಕ್ಸಿಯಾದಲ್ಲೂ ಇಂಥ ಚರ್ಮ ಅಪರೂಪಕ್ಕೆ ಕಾಣುತ್ತದೆ. ನಿಯಾಸಿನ್ ಜೀವಸತ್ವ ಸಿಕ್ಕರೆ ಬೇಗ ಗುಣವಾಗುತ್ತದೆ. ಬೇಳೆ, ಹಾಲು, ಶೇಂಗಾ, ಮೊಟ್ಟೆ ಜೋಳದ ಜೊತೆಗಿರುವ ತಟ್ಟೆಯಲ್ಲಿ ಈ ತೊಂದರೆ ಬಾರದು.

ವಾಂತಿಯ ಕಾಯಿಲೆಯಿಂದ ಹೊರಬರುವವರಿಗೆ ಕಿವಿಯ ಕೆಳಗಿನ ಜೊಲ್ಲು ಗ್ರಂಥಿ ಊದಿ, ಕೆನ್ನೆ ಮಂಗನಬಾವು ಬಂದಂತೆ ಕಾಣುತ್ತದೆ. ವಾಂತಿ ನಿಂತ ಕೆಲವು ದಿನಗಳಲ್ಲಿ ಈ ಊತ ಇನ್ನಷ್ಟು ಏರಿ, ಆಮೇಲೆ ವಾರಗಳಲ್ಲಿ ಇಳಿಯುತ್ತದೆ. ಬಿಸಿ ಬಟ್ಟೆಯ ಕಾವು ಹಿತ. ಹಲ್ಲಿನ ಎನಾಮೆಲ್ ಮಾತ್ರ ಹೋದದ್ದು ಹೋಯಿತು, ಮತ್ತೆ ಬೆಳೆಯದು. ಉಳಿದದ್ದನ್ನು ಕಾಪಾಡಲು ದಂತವೈದ್ಯರ ಬಳಿ ಹೋಗಲೇಬೇಕು, ನಿಜವನ್ನು ಹೇಳಲೇಬೇಕು.

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಮಾನ್ವಿ, ರಾಯಚೂರಿನ ಕೊನೆ ಭಾಗದ ಹೊಲಗಳಿಗೆ ಅದು ಎಲ್ಲರಿಗಿಂತ ತಡವಾಗಿ ಮುಟ್ಟುವ ಹಾಗೆ, ಚೇತರಿಕೆಯಲ್ಲೂ ಕೊನೆಗೆ ನೀರು ಕಾಣುವ ಹೊಲಗಳಿವೆ. ಮುಟ್ಟು ಅವುಗಳಲ್ಲೊಂದು. ಬಸಿರಿನ ಭಾರ ಹೊರುವ ಶಕ್ತಿ ಇಲ್ಲವೆಂದು ಮಿದುಳು ನಿಲ್ಲಿಸಿದ ಚಕ್ರವಿದು. ತೂಕ ಸರಿಯಾದ ಮಟ್ಟಕ್ಕೆ ಬಂದು ನಿಂತ ಆರು ತಿಂಗಳೊಳಗೆ ಬಹುಪಾಲು ಹುಡುಗಿಯರಲ್ಲಿ ಮರಳುತ್ತದೆ, ಕೆಲವರಿಗೆ ಇನ್ನೂ ತಡ. ಮದುವೆಯ ವಯಸ್ಸಿನ ಮಗಳ ಮುಟ್ಟು ನಿಂತರೆ ಮನೆಯಲ್ಲಿ ಎಷ್ಟು ಆತಂಕ ಎಂಬುದು ಗೊತ್ತಿರುವುದೇ. ಆತಂಕಕ್ಕೆ ಹಾರ್ಮೋನ್ ಮಾತ್ರೆ ನುಂಗಿಸಿ ಪ್ರತಿ ತಿಂಗಳು ರಕ್ತಸ್ರಾವ ತರಿಸಬಹುದು. ಅದು ಬರಿಯ ಸ್ರಾವ, ಗುಣವಾದದ್ದಲ್ಲ. ನಿಜವಾದ ಮುಟ್ಟು ಬಂದಿದೆಯೇ ಎಂಬ ಸುಳಿವನ್ನೂ ಆ ಮಾತ್ರೆ ಮುಚ್ಚಿಹಾಕುತ್ತದೆ. ಮರಳುವ ಮೊದಲ ಮುಟ್ಟಿಗೂ ಮುಂಚೆ ಅಂಡೋತ್ಪತ್ತಿ ಆಗಬಹುದಾದ್ದರಿಂದ, ಮದುವೆಯಾದವರು ಮುಟ್ಟಿಲ್ಲವೆಂದು ಗರ್ಭ ನಿಲ್ಲದು ಎಂದುಕೊಳ್ಳಬಾರದು. ಗಂಡಸರಲ್ಲಿ ಟೆಸ್ಟೋಸ್ಟಿರೋನ್ ಇಳಿದಿದ್ದರೆ ಅದೂ ತೂಕದ ಜೊತೆಗೇ ಏರುತ್ತದೆ.

ಎಲುಬು ಇನ್ನೂ ಹಿಂದೆ. ಹದಿಹರೆಯ ಎಲುಬಿಗೆ ಗಟ್ಟಿತನ ಕೂಡಿಡುವ ಕಾಲ. ಇಪ್ಪತ್ತರ ಹರೆಯ ಮುಗಿಯುವ ಹೊತ್ತಿಗೆ ಆ ಕೂಡಿಕೆ ನಿಲ್ಲುತ್ತದೆ. ಆ ವರ್ಷಗಳನ್ನು ಹಸಿವಿನಲ್ಲಿ ಕಳೆದವರ ಎಲುಬು ಟೊಳ್ಳಾಗಿ ಉಳಿಯುತ್ತದೆ. ತೂಕ, ಮುಟ್ಟು ಎರಡೂ ಮರಳಿದ ಮೇಲೆ ಸಾಂದ್ರತೆ ಸ್ವಲ್ಪ ಸ್ವಲ್ಪವಾಗಿ ಏರುತ್ತದೆ, ಆದರೆ ಎಲ್ಲರಲ್ಲೂ ಪೂರ್ತಿ ತುಂಬಿಕೊಳ್ಳುವುದಿಲ್ಲ. ಗರ್ಭನಿರೋಧಕ ಮಾತ್ರೆಯಿಂದ ಎಲುಬು ಗಟ್ಟಿಯಾಗುವುದಿಲ್ಲ ಎಂಬುದು ಸಾಬೀತಾಗಿದೆ. ಕ್ಯಾಲ್ಸಿಯಂ, ಡಿ ಜೀವಸತ್ವ ಬೇಕು, ಆದರೆ ಊಟ ಮತ್ತು ತೂಕದ ಜಾಗವನ್ನು ಅವು ತುಂಬಲಾರವು. ಎತ್ತರ ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಬೇಗ ಚಿಕಿತ್ಸೆ ಸಿಕ್ಕರೆ ನಿಂತ ಬೆಳವಣಿಗೆ ಮತ್ತೆ ಹಿಡಿಯುತ್ತದೆ, ತಡವಾದರೆ ಕೆಲವು ಸೆಂಟಿಮೀಟರು ಶಾಶ್ವತವಾಗಿ ಹೋಗಬಹುದು. ಇಡೀ ಲೇಖನದಲ್ಲಿ ತಡಮಾಡಬೇಡಿ ಎಂದು ಒತ್ತಿ ಹೇಳಬೇಕಾದ ಜಾಗ ಯಾವುದೆಂದರೆ ಇದು.

ಮಿದುಳೂ ದೇಹದ ಭಾಗವೇ. ಅನೊರೆಕ್ಸಿಯಾದಲ್ಲಿ ಮಿದುಳಿನ ಗಾತ್ರ ಕುಗ್ಗುವುದು ಸ್ಕ್ಯಾನ್‌ಗಳಲ್ಲಿ ಕಂಡಿದೆ, ತೂಕ ಮರಳಿದಂತೆ ಅದರಲ್ಲಿ ಬಹುಪಾಲು ತುಂಬಿಕೊಳ್ಳುವುದೂ ಕಂಡಿದೆ. ಆದರೂ ಭಯ, ಲೆಕ್ಕಾಚಾರ, ಕನ್ನಡಿಯ ಜಗಳ ಮೈಗಿಂತ ತಡವಾಗಿ ಬಿಡುತ್ತವೆ. ಮೈ ತುಂಬಿಕೊಂಡಿತು, ಇನ್ನೇನಿದೆ ಎಂದು ಚಿಕಿತ್ಸೆ ನಿಲ್ಲಿಸುವುದು ಈ ಕಾರಣಕ್ಕೇ ತಪ್ಪು. ಹೊರಗೆ ಚೆನ್ನಾಗಿ ಕಾಣುವ, ಒಳಗೆ ಇನ್ನೂ ಹೆಣಗುವ ತಿಂಗಳುಗಳಲ್ಲೇ ಆಪ್ತಸಮಾಲೋಚನೆ ಹೆಚ್ಚು ಬೇಕು. ನಮ್ಮ ಕಡೆ ಜಾತ್ರೆಯಲ್ಲೋ ಮದುವೆಯಲ್ಲೋ ಸಿಕ್ಕವರು ಪ್ರೀತಿಯಿಂದಲೇ "ಮೈ ಹಿಡಿದೀ ನೋಡವ್ವ" ಎನ್ನುತ್ತಾರೆ. ಹೇಳಿದವರಿಗೆ ಅದು ಆಶೀರ್ವಾದ, ಕೇಳಿದವಳಿಗೆ ರಾತ್ರಿಯ ಊಟ ಬಿಡಲು ಕಾರಣ. ಆರಾಮ ಇದ್ದೀಯಾ, ಓದು ಹೇಗೆ ನಡೆದಿದೆ ಎಂದು ಕೇಳಿದರೆ ಸಾಕು.

ಚಿಕಿತ್ಸೆ ಎಲ್ಲಿ ಎಂಬ ಪ್ರಶ್ನೆಗೆ ಇಂದು ಉತ್ತರವಿದೆ. ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ನಡೆಸಿದ ಪ್ರಯೋಗ, ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರೇ ಮನೋರೋಗವನ್ನು ಗುರುತಿಸಿ ನೋಡಿಕೊಳ್ಳಬಲ್ಲರು ಎಂದು ತೋರಿಸಿಕೊಟ್ಟಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ಇದೆ. ರಾಯಚೂರಿನಲ್ಲಿ ರಿಮ್ಸ್ ಮತ್ತು ನವೋದಯ, ಎರಡು ವೈದ್ಯಕೀಯ ಕಾಲೇಜುಗಳಿವೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲಿ, ದುಡ್ಡಿಲ್ಲದೆ ಮಾತಾಡಬಹುದು. ಮನೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ಊಟ ಕಡಿಮೆ ಮಾಡುತ್ತಿದ್ದರೆ, ಉಂಡ ಕೂಡಲೇ ಬಚ್ಚಲಿಗೆ ಹೋಗುತ್ತಿದ್ದರೆ, ಬೈಯದೆ, ಒತ್ತಾಯದಿಂದ ತಿನ್ನಿಸದೆ, ಈ ವಾರವೇ ವೈದ್ಯರ ಬಳಿ ಕರೆದುಕೊಂಡು ಹೋಗಿ. ಎಷ್ಟು ದಿನದಿಂದ, ಎಷ್ಟು ಕಡಿಮೆ ಊಟ ಎಂಬುದನ್ನು ಮುಚ್ಚಿಡದೆ ಹೇಳಿ. ಊಟ ಶುರುಮಾಡುವ ಮುನ್ನ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಪರೀಕ್ಷೆ ಮತ್ತು ಇಸಿಜಿ ಆಗಬೇಕೇ ಎಂದು ವೈದ್ಯರನ್ನು ನೀವೇ ಕೇಳಿ.